ಭಯವಿಲ್ಲದವನ ಆಣೆ

ನಮ್ಮ ಕುಲದ ಗಂಡಸರಿಗೆ ಮದುಕಾನ ನೆನಪಾದದ್ದು ಸುಳ್ಳಾಣೆ ಇಡಲು ಒಬ್ಬ ಆಳು ಬೇಕಾದಾಗ. ಮದುಕಾ ನನ್ನ ತಮ್ಮ, ಎನುಗು ಪಟ್ಟಣದ ಶಾಲೆಯೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಾನೆ. ದೇವರಿಲ್ಲ ಎಂದು ಹೇಳಿ ಚರ್ಚು ಬಿಟ್ಟವನು. ದೇವರ ಭಯವಿಲ್ಲದವನು ಏನು ಮಾಡಲೂ ಹೇಸುವುದಿಲ್ಲ ಎಂದು ನಮ್ಮ ದೊಡ್ಡಣ್ಣ ಉಬಾಕಾ ಊರ ತುಂಬ ಅವನನ್ನು ಆಡಿಕೊಂಡು ಬಂದಿದ್ದ.

ಜಗಳ ಹಳ್ಳದ ದಂಡೆಯ ಹೆಗ್ಗೆಣಸಿನ ಹೊಲದ್ದು. ನಮ್ಮ ದೊಡ್ಡಪ್ಪನ ಮಗ ಇರೊಹಾ ತೀರಿಕೊಂಡ ಮೇಲೆ ಅವನ ಹೆಂಡತಿ ಉಲೋಮ ಆ ಹೊಲ ನಂಬಿಕೊಂಡೇ ಇಬ್ಬರು ಹೆಣ್ಣುಮಕ್ಕಳನ್ನು ಸಾಕುತ್ತಿದ್ದಳು. ಆ ಮನೆಯಲ್ಲಿ ಗಂಡುದಿಕ್ಕಿಲ್ಲವೆಂದು ಆದದ್ದೇ ತಡ, ಹೊಲ ನಮ್ಮಪ್ಪನದು, ಇರೊಹಾನಿಗೆ ಬೇಸಾಯಕ್ಕೆಂದು ಕೊಟ್ಟದ್ದಷ್ಟೇ ಎಂದು ಉಬಾಕಾ ಎದ್ದು ಕೂತ. ನಮ್ಮ ಕಡೆಯವರೊಬ್ಬರು ಹಳ್ಳದಮ್ಮನ ಕೋಲು ಹಿಡಿದು ಆಣೆ ಇಡಲಿ ಎಂದು ಊರ ಹಿರಿಯರು ತೀರ್ಮಾನ ಕೊಟ್ಟರು. ಸುಳ್ಳಾಡಿದರೆ ಮುಂದಿನ ಗೆಣಸಿನ ಹಬ್ಬದೊಳಗೆ ಅಮ್ಮ ಅವನನ್ನು ಕರೆದುಕೊಳ್ಳುತ್ತಾಳೆ. ಬದುಕಿ ಉಳಿದರೆ ಹೊಲ ನಮ್ಮದು.

ಭಾನುವಾರ ಚರ್ಚು ಮುಗಿಸಿಕೊಂಡು ಎಲ್ಲರೂ ಉಬಾಕಾನ ಅಂಗಳದಲ್ಲಿ ಸೇರಿದರು. ಆಣೆ ಯಾರು ಇಡುತ್ತೀರಿ ಎಂದರೆ ಒಬ್ಬೊಬ್ಬರದೂ ಒಂದೊಂದು ನೆವ. ಒಬ್ಬನಿಗೆ ಸಕ್ಕರೆ ಕಾಯಿಲೆ. ಇನ್ನೊಬ್ಬನಿಗೆ, ಕ್ರೈಸ್ತನಾದವನು ಕಲ್ಲಿನ ಮುಂದೆ ಆಣೆ ಇಡಬಾರದೆಂದು ಫಾದರ್ ಹೇಳಿದ್ದು ಇದ್ದಕ್ಕಿದ್ದಂತೆ ನೆನಪಾಯಿತು. ಚರ್ಚಿನ ಹಿರಿಯನಾದ ಉಬಾಕಾ ಜಪಮಾಲೆ ತಿರುಗಿಸುತ್ತ ಕೂತಿದ್ದ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ! ಸುಳ್ಳು ಹೇಳಬಾರದು ಎಂದು ಒಬ್ಬನ ಬಾಯಲ್ಲೂ ಬರಲಿಲ್ಲ, ಸಾಯಬಾರದು ಎಂಬುದಷ್ಟೇ ಅವರ ಚಿಂತೆ. ನನಗೆ ಮೈಯೆಲ್ಲ ಉರಿಯಿತು. ಹೊಲ ನಿಜವಾಗಿ ಯಾರದ್ದು ಎಂದು ಕೇಳಿದೆ. ಮದುವೆಯಾಗಿ ಹೋದವಳಿಗೆ ಇದೆಲ್ಲ ಯಾಕೆ ಎಂದರು.

ಹಾಗೆ ಮದುಕಾನಿಗೆ ಕರೆ ಹೋಯಿತು. ಬಂದವನಿಗೆ ಉಬಾಕಾ ಕೋಳಿ ಕೊಯ್ಯಿಸಿದ. ಎಂದೂ ಇಲ್ಲದ ಪ್ರೀತಿ.

"ನಿಂಗೇನಪ್ಪ, ದೇವ್ರೂ ಇಲ್ಲ ದೆವ್ವಾನೂ ಇಲ್ಲ. ಕೋಲು ಹಿಡ್ಕೊಂಡು ನಾಲ್ಕು ಮಾತಾಡು, ಬಸ್ ಹತ್ತು."

ಮದುಕಾ ಕೈಯಲ್ಲಿದ್ದ ತುಂಡನ್ನು ತಟ್ಟೆಗೆ ಹಾಕಿದ. "ಅಣ್ಣ, ಹೊಲ ಯಾರ್ದು?"

"ಅದಲ್ಲ ಈಗ ಮಾತು. ಆಗಲ್ಲ ಅಂದ್ರೆ ನಾಳೆ ನಿನ್ನ ಹೆಣಕ್ಕೆ ಹೆಗಲು ಕೊಡೋಕೆ ನಮ್ಮೋರು ಯಾರೂ ಬರಲ್ಲ, ನೆನಪಿಟ್ಕೋ."

ಬೆಳಗ್ಗೆ ಹಳ್ಳದ ಹತ್ತಿರ ಬರುತ್ತೇನೆ ಎಂದಷ್ಟೇ ಹೇಳಿ ಅವನು ಎದ್ದ. ನನಗೆ ಹೆದರಿಕೆಯಾಯಿತು. ನಾನು ದೇವರನ್ನು ನಂಬಿದವಳು. ದೇವರಿಲ್ಲದ ಮನಸ್ಸು ಬೇಲಿಯಿಲ್ಲದ ಹೊಲ, ದನ ನುಗ್ಗದೆ ಇದ್ದೀತೇ ಎಂದುಕೊಂಡೆ. ಉಲೋಮಳಿಗಾಗಿ ಪ್ರಾರ್ಥಿಸಿದೆ. ತಮ್ಮನಿಗಾಗಿ ಏನು ಕೇಳಿಕೊಳ್ಳಬೇಕೋ ತೋಚಲಿಲ್ಲ.

ಮರುದಿನ ಊರೆಲ್ಲ ಹಳ್ಳದ ಬಳಿ ನೆರೆದಿತ್ತು. ಉಲೋಮ ಇಬ್ಬರು ಮಕ್ಕಳನ್ನೂ ಪಕ್ಕಕ್ಕೆ ಎಳೆದುಕೊಂಡು ನಿಂತಿದ್ದಳು. ಮದುಕಾ ಚಪ್ಪಲಿ ಬಿಟ್ಟು ಬಂದು ಮುದಿ ಪೂಜಾರಿಯಿಂದ ಕೋಲು ತೆಗೆದುಕೊಂಡ.

"ಹೊಲ ಇರೊಹಾಂದು. ಪಾಲು ಮಾಡ್ದಾಗ ಅಳತೆ ಹಗ್ಗ ಹಿಡಿದಿದ್ದು ನಮ್ಮಪ್ಪ, ಗಡಿಗೆ ಗಿಡ ನೆಟ್ಟಿದ್ದು ನಾನು. ಉಬಾಕಣ್ಣನೂ ಅಲ್ಲೇ ಇದ್ದ."

ನಮ್ಮವರು ಒಟ್ಟಿಗೇ ಮೇಲೆದ್ದರು. ಪೂಜಾರಿ ಕೈಯೆತ್ತಿ ಸುಮ್ಮನಾಗಿಸಿದ. ಆದರೆ ಅವನಿಗೂ ಸಮಾಧಾನವಾಗಿರಲಿಲ್ಲ.

"ನೀನು ಅಮ್ಮನ್ನ ನಂಬಲ್ಲ ಅಂತ ಊರಿಗೇ ಗೊತ್ತು. ಅವಳ ಭಯ ಇಲ್ದೋನ ಮಾತು ನಾವು ಹೆಂಗಪ್ಪ ನಂಬೋದು?"

ಮದುಕಾ ಉಲೋಮಳ ಕಡೆ ನೋಡಿದ.

"ನಾಳೆ ದಾರೀಲಿ ಈ ಅತ್ತಿಗೆ ಎದುರಾಗ್ತಾರೆ. ಈ ಮಕ್ಕಳು ಎದುರಾಗ್ತಾರೆ. ಮುಖ ಎತ್ತಿ ನೋಡ್ಬೇಕಲ್ಲ ತಾತ. ನಂಗಿರೋದು ಅದೊಂದೇ ಭಯ."

ಪೂಜಾರಿ ಕೋಲನ್ನು ವಾಪಸು ತೆಗೆದುಕೊಂಡು ಉಬಾಕಾನ ಮುಂದೆ ಹಿಡಿದ. ತಮ್ಮ ಸುಳ್ಳು ಹೇಳಿದ್ದರೆ ನೀನೇ ಹಿಡಿದು ಹೇಳು ಎಂದ. ಉಬಾಕಾನ ಕೈ ಜೇಬಿನಲ್ಲಿದ್ದ ಜಪಮಾಲೆ ಬಿಟ್ಟು ಈಚೆಗೆ ಬರಲಿಲ್ಲ. ಹೊಲ ಉಲೋಮಳಿಗೇ ಉಳಿಯಿತು.

ಈಗ ಕುಲದವರು ಸೇರಿದಾಗ, ತಾಂಬೂಲದಂತೆ ಎಲ್ಲರಿಗೂ ಹಂಚುವ ಕೋಲಾಕಾಯಿಯ ತಟ್ಟೆ ಮದುಕಾನನ್ನು ದಾಟಿಕೊಂಡು ಮುಂದೆ ಹೋಗುತ್ತದೆ. ದೇವರೇ ಇಲ್ಲದವನಿಗೆ ಒಡಹುಟ್ಟಿದವರು ಯಾವ ಲೆಕ್ಕ ಎಂದು ಉಬಾಕಾ ಚರ್ಚಿನ ಬಾಗಿಲಲ್ಲಿ ನಿಂತು ಹೇಳುತ್ತಾನೆ. ಹೆಗಲು ಕೊಡುವುದಿಲ್ಲ ಎಂದದ್ದೂ ಬರೀ ಬೆದರಿಕೆಯಲ್ಲ, ನಮ್ಮಲ್ಲಿ ಅದು ನಡೆಯುತ್ತದೆ. ಮದುಕಾನಿಗೆ ಅದರಿಂದ ನೋವಾಗಿದೆ, ಬಾಯಿಬಿಟ್ಟು ಹೇಳುವುದಿಲ್ಲ. ನನ್ನ ದೇವರಿಗೂ ಅವನ ಮೇಲೆ ಸಿಟ್ಟಿದೆಯೆಂದು ಯಾರಾದರೂ ಅಂದರೆ ನಾನು ಸುಮ್ಮನಿರುವುದಿಲ್ಲ.

ಗೆಣಸಿನ ಹಬ್ಬದ ದಿನ ಅಕ್ಕತಮ್ಮ ಇಬ್ಬರೂ ಉಲೋಮಳ ಮನೆಗೆ ಊಟಕ್ಕೆ ಹೋದೆವು. ಸುಟ್ಟ ಗೆಣಸು, ತಾಳೆಯೆಣ್ಣೆ. ಉಲೋಮಳ ಪ್ರಾರ್ಥನೆ ಮುಗಿಯುವಂಥದ್ದಲ್ಲ. ಗೆಣಸು ಆರುತ್ತಿದ್ದರೂ ಅವಳು ಆಮೆನ್ ಅನ್ನುವವರೆಗೂ ಮದುಕಾ ತಟ್ಟೆಗೆ ಕೈಹಾಕಲಿಲ್ಲ.

ಆಗ ಹಿರಿಯ ಹುಡುಗಿ ಹೇಳಿದಳು. "ಚಿಕ್ಕಪ್ಪ, ನೀವು ಸತ್ರೆ ನಾವು ಹೊರ್ತೀವಿ."

ಹೆಣ್ಣುಮಕ್ಕಳು ಹೆಣ ಹೊರುವುದು ನಮ್ಮಲ್ಲಿಲ್ಲ. ಹಬ್ಬದ ದಿನ ಎಂಥಾ ಮಾತು ಎಂದು ಉಲೋಮ ಗದರಿದಳು. ಮದುಕಾ ತಲೆ ಎತ್ತಲಿಲ್ಲ. ಗೆಣಸು ಮುರಿದು ಮೊದಲ ತುಂಡನ್ನು ಆ ಹುಡುಗಿಯ ತಟ್ಟೆಗೆ ಹಾಕಿದ.