ಗೋಡೆ ಮುಟ್ಟಿದ ಕೈ

ಮದ್ದೂರು ಕಡೆಯ ಕೊಪ್ಪದ ಡೇರಿಯಲ್ಲಿ ಬೆಳಗಿನ ಹಾಲು ಅಳೆದು ಮುಗಿದಿತ್ತು. ಆದರೂ ಕ್ಯಾನು ಹಿಡಿದು ಬಂದವರೊಬ್ಬರೂ ಮನೆ ಕಡೆ ಹೊರಟಿರಲಿಲ್ಲ. ಹೊರಡುವುದಾದರೂ ಹೇಗೆ, ಊರಿನ ಹುಡುಗಿ ಗಗನ ಪರದೇಶದ ಈಜುಕೊಳಕ್ಕೆ ಧುಮುಕುವ ಹೊತ್ತು ಅದು. ಅವಳ ಅಣ್ಣ ಸ್ವರೂಪ್ ತನ್ನ ಮೊಬೈಲಿಗೆ ಅದೇನೋ ವೈರು ಸಿಕ್ಕಿಸಿ, ಡೇರಿಯ ಟೀವಿಯಲ್ಲಿ ಆ ಕೊಳ ಕಾಣುವ ಹಾಗೆ ಮಾಡಿದ್ದ. ಎಲ್ಲರಿಗಿಂತ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತಿದ್ದವಳು ಇಬ್ಬರಿಗೂ ಅಜ್ಜಿಯಾದ ಹೊಂಬಾಳಮ್ಮ.

ಏಷ್ಯಾದ ದೇಶಗಳೆಲ್ಲ ಸೇರುವ ದೊಡ್ಡ ಈಜು ಪಂದ್ಯ, ಹೆಂಗಸರ ನೂರು ಮೀಟರ್ ಬ್ರೆಸ್ಟ್‌ಸ್ಟ್ರೋಕ್. ಆ ಹೆಸರು ಹೊಂಬಾಳಮ್ಮನ ನಾಲಿಗೆಗೆ ಒಗ್ಗಿದ್ದೇ ಇಲ್ಲ. ಅವಳ ಪಾಲಿಗೆ ಅದು ಕಪ್ಪೆ ಈಜು. ಎರಡೂ ಕೈ ಮುಂದಕ್ಕೆ ಚಾಚಿ ನೀರನ್ನು ಪಕ್ಕಕ್ಕೆ ತಳ್ಳಬೇಕು, ಕಾಲು ಮಡಿಸಿ ಒದೆಯಬೇಕು, ತಲೆ ಎತ್ತಿ ಉಸಿರೆಳೆಯಬೇಕು. ಮೊಮ್ಮಗಳಿಗೆ ಏಳು ವರ್ಷವಾಗಿದ್ದಾಗ ಊರ ನಾಲೆಯಲ್ಲಿ, ಸೀರೆಯ ಕಚ್ಚೆ ಕಟ್ಟಿಕೊಂಡು ಇಳಿದು, ಇದನ್ನು ಕಲಿಸಿದವಳು ಅವಳೇ. ಆಮೇಲೆ ಹೈಸ್ಕೂಲಿನ ಡ್ರಿಲ್ ಮೇಷ್ಟ್ರು ಶಿವರಾಮು ಹುಡುಗಿಯನ್ನು ಮಂಡ್ಯದ ಈಜುಕೊಳಕ್ಕೆ ಕರೆದೊಯ್ದರು, ಅಲ್ಲಿಂದ ಬೆಂಗಳೂರು, ಅಲ್ಲಿಂದ ಇಂಡಿಯಾ ಟೀಮು. ಆದರೆ ಮೊದಲು ಕಲಿಸಿದ್ದು ಯಾರು ಎಂದು ಯಾರಾದರೂ ಕೇಳಬೇಕು, ಕೇಳದಿದ್ದರೆ ಹೊಂಬಾಳಮ್ಮ ತಾನೇ ಹೇಳುವಳು. ಹೇಳಿ ಹೇಳಿ ಊರವರ ಕಿವಿ ತೂತು ಬಿದ್ದಿತ್ತು.

ಸೀಟಿ ಕೂಗಿತು. ಎಂಟು ಹುಡುಗಿಯರು ಒಟ್ಟಿಗೆ ನೀರಿಗೆ ಹಾರಿದರು. ಟೋಪಿ ಹಾಕಿದ ಮೇಲೆ ಎಲ್ಲ ತಲೆಯೂ ಒಂದೇ, ಇವಳು ಯಾವಳು ಎಂದು ಹೊಂಬಾಳಮ್ಮನಿಗೆ ಗೊತ್ತಾಗಲಿಲ್ಲ. "ಮ್ಯಾಗ್ಲಿಂದ ಮೂರನೇ ಸಾಲು ಕಣಜ್ಜಿ" ಎಂದು ಸ್ವರೂಪ್ ಬೆರಳು ತೋರಿಸಿದ. ಹೋಗುವಾಗ ಐದನೆಯವಳಾಗಿದ್ದವಳು ಆಚೆ ಗೋಡೆ ಮುಟ್ಟಿ ಬರುವಾಗ ಒಬ್ಬೊಬ್ಬರನ್ನೇ ಹಿಂದಿಕ್ಕಿದಳು. ಎರಡನೆಯವಳಾಗಿ ಬಂದು ಗೋಡೆ ಸೇರಿದಳು. ಡೇರಿಯ ತಗಡಿನ ಸೂರು ಹಾರಿಹೋಗುವಷ್ಟು ಗದ್ದಲವಾಯಿತು. ಅವಳ ಅಪ್ಪ ಬೋರಯ್ಯ, ನಗುವ ಅಭ್ಯಾಸವೇ ಇಲ್ಲದ ಮನುಷ್ಯ, ಪಕ್ಕದವನ ಬೆನ್ನಿಗೆ ಗುದ್ದಿ ನಕ್ಕ. ಶಿವರಾಮು ಮೇಷ್ಟ್ರು ಚೀಟಿಯ ಮೇಲೆ ಸಮಯ ಬರೆದುಕೊಂಡು, ಎಲ್ಲ ಸುತ್ತುಗಳಲ್ಲಿ ಈಜಿದವರ ಪೈಕಿ ಮೊದಲ ಎಂಟು ಜನ ಫೈನಲ್ಲಿಗೆ, ನಮ್ಮವಳು ಆರನೆಯವಳಾಗಿ ಖಂಡಿತ ಇರುತ್ತಾಳೆ ಎಂದರು.

ಟೀವಿಯಲ್ಲಿ ಹೆಸರುಗಳ ಪಟ್ಟಿ ಬಂತು. ಗಗನಳ ಹೆಸರು ಎರಡನೆಯದು. ನೋಡನೋಡುತ್ತಿದ್ದ ಹಾಗೇ ಆ ಹೆಸರು ಅಲ್ಲಿಂದ ಎದ್ದು ಕಟ್ಟಕಡೆಗೆ ಹೋಗಿ ಕೂತಿತು. ಅದರ ಮುಂದೆ ಸಮಯವಿರಲಿಲ್ಲ, ಮೂರು ಇಂಗ್ಲಿಷ್ ಅಕ್ಷರ ಇದ್ದವು.

ನೆಟ್‌ವರ್ಕ್ ಸರಿಯಿಲ್ಲ ಎಂದನೊಬ್ಬ. ಸ್ವರೂಪ್ ಮೊಬೈಲು ಆಫ್ ಮಾಡಿ ಆನ್ ಮಾಡಿದ. ಅಕ್ಷರ ಅಲ್ಲೇ ಇದ್ದವು.

"ಲೇ, ಸರ್ಯಾಗ್ ನೋಡ್ಲಾ. ಬ್ಯಾರೆ ಯಾವಳದೋ ಇರ್ಬೇಕು" ಎಂದ ಬೋರಯ್ಯ.

"ಅನರ್ಹ ಅಂತ ಹಾಕವ್ರೆ" ಎಂದರು ಮೇಷ್ಟ್ರು, ಕನ್ನಡಕ ಮೇಲೇರಿಸಿ.

"ಅಂಗಂದ್ರೆ?"

"ಈಜಿದ್ದು ಲೆಕ್ಕಕ್ಕಿಲ್ಲ ಅಂತ ಬೋರಯ್ಯ."

"ಇಷ್ಟ್ ಜನ ಕಣ್ಣಾರೆ ನೋಡಿದೀವಿ, ಲೆಕ್ಕಕ್ಕಿಲ್ವಾ? ಅವ್ಳೇನು ನೀರಿಗ್ ಬಿದ್ದೇ ಇಲ್ವಾ ಮೇಷ್ಟ್ರೆ?"

ಅಷ್ಟರಲ್ಲಿ ಟೀವಿಯವರು ಕೊನೆಯ ಗಳಿಗೆಯನ್ನು ನಿಧಾನ ಮಾಡಿ ಮತ್ತೆ ತೋರಿಸಿದರು. ಗೋಡೆಯ ಹತ್ತಿರ ಬರುತ್ತಿದ್ದ ಹಾಗೆ ಗಗನಳ ಬಲಗೈ ಮುಂದೆ ಹೋಗಿ ಗೋಡೆ ಮುಟ್ಟಿತು. ಎಡಗೈ ಇನ್ನೂ ನೀರೊಳಗೇ ಇತ್ತು. ಮೇಷ್ಟ್ರು ಹಣೆ ಚಚ್ಚಿಕೊಂಡರು. ಈ ಈಜಿನಲ್ಲಿ ಎರಡೂ ಕೈ ಒಟ್ಟಿಗೆ ಗೋಡೆ ಮುಟ್ಟಬೇಕು, ಒಂದು ಮುಂಚೆ ಒಂದು ಹಿಂದೆ ಆದರೆ ಆಟದಿಂದಲೇ ತೆಗೆದುಹಾಕುತ್ತಾರೆ ಎಂದು ವಿವರಿಸಿದರು.

"ಹತ್ತು ವರ್ಷದಿಂದ ಒಂದ್ ದಿನ ಮಾಡಿಲ್ಲ ಈ ತಪ್ಪ. ಇವತ್ಯಾಕೆ ಮಾಡಿದ್ಲು? ನನಗೇ ಅರ್ಥ ಆಗ್ತಿಲ್ಲ" ಎಂದರು.

ಹೊಂಬಾಳಮ್ಮನಿಗೆ ಅರ್ಥವಾಯಿತು. ಆ ಡೇರಿಯಲ್ಲಿ ಅದು ಅರ್ಥವಾದವಳು ಅವಳೊಬ್ಬಳೇ. ಎದ್ದು, ಖಾಲಿ ಕ್ಯಾನನ್ನೂ ಅಲ್ಲೇ ಮರೆತು, ಮನೆಗೆ ನಡೆದಳು.

ಅವಳಿಗೆ ಚಿಕ್ಕತಾಯಿ ಎಂಬ ತಂಗಿಯೊಬ್ಬಳಿದ್ದಳು. ಇಬ್ಬರೂ ಅದೇ ನಾಲೆಯಲ್ಲಿ ಈ ದಡದಿಂದ ಆ ದಡಕ್ಕೆ ಹೋಗಿ ಬರುವ ಪಂದ್ಯ ಕಟ್ಟಿ ಈಜುತ್ತಿದ್ದರು. ಅವರ ಅವ್ವ ಒಂದು ಕಟ್ಟು ಮಾಡಿದ್ದಳು: ದಡ ಸೇರಿದ ಕೂಡಲೇ ಬಲಗೈಯಲ್ಲಿ ಕಲ್ಲು ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು, ಗಂಗಮ್ಮ ಸುಖವಾಗಿ ದಾಟಿಸಿದಳಲ್ಲ ಎಂದು. ಒಂದು ದಿನ ಚಿಕ್ಕತಾಯಿ ಗೆಲ್ಲುವ ಅವಸರದಲ್ಲಿ ಕಲ್ಲು ಮುಟ್ಟದೆ, ನಗುತ್ತಾ, ದಡದ ಹತ್ತಿರದಿಂದಲೇ ಹಿಂದಕ್ಕೆ ತಿರುಗಿಬಿಟ್ಟಳು. ತಿರುಗಿದವಳು ಮೇಲೆ ಬರಲಿಲ್ಲ. ಆಗ ಅವಳಿಗೆ ಹನ್ನೊಂದು ವರ್ಷ, ಹೊಂಬಾಳಮ್ಮನಿಗೆ ಹದಿಮೂರು. ನೀರಿನ ಸೆಳೆತವೋ, ಕಾಲು ಹಿಡಿದುಕೊಂಡಿತೋ, ಯಾರು ಬಲ್ಲರು. ಹೊಂಬಾಳಮ್ಮ ಮಾತ್ರ ಐವತ್ತು ವರ್ಷದಿಂದ ಒಂದೇ ಕಾರಣ ನಂಬಿದ್ದಳು, ಕಲ್ಲು ಮುಟ್ಟಲಿಲ್ಲ.

ಗಗನ ನಮ್ಮ ದೇಶದಲ್ಲಿ ಎಲ್ಲಿ ಈಜಿದರೂ ಅಜ್ಜಿಗೆ ಚಿಂತೆಯಿರಲಿಲ್ಲ. ಇದು ಕಾಣದ ದೇಶದ ನೀರು. ಪಂದ್ಯದ ಹಿಂದಿನ ದಿನ ಫೋನಿನಲ್ಲಿ ಅವಳು ಮೊಮ್ಮಗಳ ಕೈಲಿ ಆಣೆ ಹಾಕಿಸಿಕೊಂಡಿದ್ದಳು. ದಡ ಸೇರಿದ ತಕ್ಷಣ ಬಲಗೈ, ಮರೆಯಕೂಡದು, ನನ್ನ ತಲೆಯ ಮೇಲಾಣೆ. ಹುಡುಗಿ ನಕ್ಕು, "ಆಯ್ತು ಬುಡಜ್ಜಿ" ಎಂದಿದ್ದಳು.

ಆ ದಿನವೆಲ್ಲ ಹೊಂಬಾಳಮ್ಮನಿಗೆ ತಲೆ ನೆಟ್ಟಗಿರಲಿಲ್ಲ. ಕರು ಬಿಡದೆ ಹಾಲು ಕರೆಯಲು ಕೂತಳು, ಮುದ್ದೆಗೆ ಎಸರಿಡದೆ ಹಿಟ್ಟು ತಂದಳು. ಒಳಗೊಳಗೇ ವಾದ ನಡೆದಿತ್ತು. ಎರಡು ಕೈಯಲ್ಲಿ ಮುಟ್ಟಿದರೆ ಸರಿ, ಒಂದು ಕೈಯಲ್ಲಿ ಮುಟ್ಟಿದರೆ ತಪ್ಪು ಎನ್ನುವ ಈ ಕಾನೂನು ಯಾವ ಪುಣ್ಯಾತ್ಮನದು? ಈಜಿದ್ದು ಕೈಯೋ ಇಡೀ ಮೈಯೋ? ಹಾಗಾದರೆ ಅವ್ವ ಕಲಿಸಿದ್ದು ಸುಳ್ಳೇ? ಸುಳ್ಳಾದರೆ ಚಿಕ್ಕತಾಯಿ ಹೋದದ್ದು ಯಾಕೆ? ನಿಜವಾದರೆ ಹುಡುಗಿಯನ್ನು ಉಳಿಸಿದ್ದಕ್ಕೆ ಈ ಶಿಕ್ಷೆಯೇ? ಒಂದು ಎಳೆ ಹಿಡಿದರೆ ಇನ್ನೊಂದು ಸಿಕ್ಕಾಗುತ್ತಿತ್ತು. ಗಂಗಮ್ಮನನ್ನು ಬೈಯಲೂ ಬಾಯಿ ಬರಲಿಲ್ಲ, ಬಿಡಲೂ ಮನಸ್ಸು ಬರಲಿಲ್ಲ.

ಇತ್ತ ಅಪ್ಪ ಮಗ ಸುಮ್ಮನಿದ್ದರೆ ತಾನೆ. ನಮ್ಮ ಹಳ್ಳಿ ಹುಡುಗಿಗೆ ಮೋಸ ಮಾಡಿದ್ದಾರೆ ಎಂದು ಸ್ವರೂಪ್ ಮೊಬೈಲಿನಲ್ಲಿ ಉದ್ದಕ್ಕೆ ಬರೆದು ಹಾಕಿದ. ಸಂಜೆಯೊಳಗೆ ಅದು ಎಲ್ಲೆಲ್ಲಿಗೋ ಹೋಯಿತು. ಮದ್ದೂರಿಗೆ ಹೋಗಿ ಬಂದ ಬೋರಯ್ಯ ಅಂಗಳದಲ್ಲೇ ಶುರು ಮಾಡಿದ.

"ಬಸ್‌ಸ್ಟ್ಯಾಂಡ್ ಓಟ್ಲಲ್ಲಿ ಎಲ್ರೂ ಅದ್ನೇ ಮಾತಾಡ್ತಾವ್ರೆ ಕಣವ್ವ. ಕೈ ಒಸಿ ಇಂದೆ ಮುಂದೆ ಆದ್ರೆ ಏನಂತೆ? ಬೇಕಂತ್ಲೇ ಮಾಡವ್ರೆ."

ಹೊಂಬಾಳಮ್ಮ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡಳು. ಹೇಳಬೇಕಾದ ಮಾತೂ ಅದರ ಜೊತೆಗೇ ಒಳಗೆ ಹೋಯಿತು.

ಮಾರನೆಯ ದಿನ ಮಧ್ಯಾಹ್ನ ಗಗನಳೇ ಫೋನು ಮಾಡಿದಳು, ಅಜ್ಜಿಗೆ ಕೊಡು ಎಂದಳಂತೆ. ಹೊಂಬಾಳಮ್ಮ ಮೊಬೈಲು ಹಿಡಿದು ಕೊಟ್ಟಿಗೆಗೆ ಹೋಗಿ ಹಸುವಿನ ಮಗ್ಗುಲಲ್ಲಿ ನಿಂತಳು.

"ಉಂಡ್ಯಾ ಮಗ?"

"ಉಂಡೆ. ಅಜ್ಜಿ, ಯಾಕಂಗ್ ಮಾಡ್ದೆ ಅಂತ ಕೋಚ್ ಕೇಳಿದ್ರು. ಗೊತ್ತಿಲ್ಲ ಅಂದೆ."

"ಗೊತ್ತಿಲ್ವಾ?"

"ಗೊತ್ತು." ಹುಡುಗಿಯ ದನಿ ತಗ್ಗಿತು. "ಗೋಡೆ ಅತ್ರ ಬತ್ತಿದ್ದಂಗೆ ನಿನ್ ಮಕ ಕಣ್ಮುಂದೆ ಬಂತು. ನಿನ್ ತಲೆ ಮ್ಯಾಲೆ ಆಣೆ ಇಟ್ಟಿದ್ನಲ್ಲ. ಕೈ ಅದ್ರಷ್ಟಕ್ಕದೇ ಮುಂದಕ್ಕೋಯ್ತು."

ಹಸು ಹೊಂಬಾಳಮ್ಮನ ಸೆರಗು ನೆಕ್ಕುತ್ತಿತ್ತು, ತಳ್ಳಲಿಲ್ಲ.

"ನಾಳಿದ್ದು ಇನ್ನೂರು ಮೀಟರ್ ಐತೆ. ನಾಕು ಸಲ ಗೋಡೆ ಮುಟ್ಬೇಕು ಅಜ್ಜಿ, ನಾಕು ಸಲವೂ ಎರಡು ಕೈಲಿ. ಆಣೆ ಮುರೀಲಾ, ಬ್ಯಾಡ್ವಾ? ನೀನೇ ಯೋಳು. ನೀ ಅಂದಂಗೆ ಮಾಡ್ತೀನಿ."

ಇದೇ ಹುಡುಗಿ ಏಳನೆಯ ವಯಸ್ಸಿನಲ್ಲಿ ನಾಲೆಯ ಮೆಟ್ಟಿಲಿನ ಮೇಲೆ ನಿಂತು, ಬಿಡ್ಲಾ ಅಜ್ಜಿ, ಕೈ ಬಿಡ್ಲಾ ಎಂದು ಕೇಳಿದ್ದಳು. ಆಗ ಬಿಡು ಎನ್ನುವುದು ಸುಲಭವಿತ್ತು, ಎರಡಡಿ ದೂರದಲ್ಲಿ ತಾನೇ ಇದ್ದಳಲ್ಲ. ಈಗ ಬೇಡ ಎಂದರೆ ಹುಡುಗಿಯ ಹತ್ತು ವರ್ಷದ ಬೆವರು ನೀರುಪಾಲು. ಹೂಂ ಎಂದು, ನಾಳಿದ್ದು ಏನಾದರೂ ಒಂದು ಹೋಗಿ ಒಂದಾದರೆ?

"ಆಣೆ ಬುಟ್ಟಿವ್ನಿ ಕಣವ್ವ" ಎಂದಳು ಕಡೆಗೆ. "ಎರಡ್ ಕೈಲೂ ವಡಿ ಆ ಗೋಡೆಗೆ. ನನ್ ಮಕ ನೆನಿಬ್ಯಾಡ. ಬಂದ್ರೆ ಅತ್ಲಾಗ್ ಓಗು ಅನ್ನು."

"ನಿಂಗೆ ಭಯ ಆಗಾಕಿಲ್ವಾ?"

"ಆಯ್ತದೆ. ಅದು ನನ್ದು, ನಾ ನೋಡ್ಕೋತೀನಿ."

ಕೊಟ್ಟಿಗೆಯಿಂದ ಬಂದವಳೇ ಜಗುಲಿಯ ಮೇಲೆ ಕೂತಿದ್ದ ಮಗನ ಮುಂದೆ ನಿಂತಳು. ಆಣೆಯ ಕಥೆಯನ್ನು ಮೊದಲಿಂದ ಕೊನೆಯವರೆಗೆ ಒಂದೇ ಉಸಿರಿಗೆ ಹೇಳಿದಳು. "ಯಾರೂ ಮೋಸ ಮಾಡಿಲ್ಲ ಕಣಪ್ಪ, ಮಾಡ್ದೋಳು ನಾನು. ನಿನ್ ಮಗ ಬರ್ದಿರಾದ್ನ ಅಳ್ಸು ಅನ್ನು." ಬೋರಯ್ಯ ಬೈಯಲು ಬಾಯಿ ತೆರೆದ. ಅವ್ವನ ಮುಖ ನೋಡಿ, ತೆರೆದ ಬಾಯಿಯಲ್ಲೇ ಮಗನ ಕಡೆ ತಿರುಗಿ, ಅಳಿಸಿಹಾಕಲು ಹೇಳಿದ. ಸಿಟ್ಟು ಹೋಗಿರಲಿಲ್ಲ, ಆ ರಾತ್ರಿ ಅವ್ವನ ಜೊತೆ ಮಾತಾಡದೆ ಉಂಡ.

ಇನ್ನೂರು ಮೀಟರಿನ ಬೆಳಿಗ್ಗೆ ಡೇರಿಯಲ್ಲಿ ಮತ್ತೆ ಅಷ್ಟೇ ಜನ. ಹೊಂಬಾಳಮ್ಮ ಈ ಸಲ ಕುರ್ಚಿ ಬೇಡವೆಂದು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಹುಡುಗಿಯರು ಹಾರಿದರು. ಮೊದಲ ಗೋಡೆಗೆ ಗಗನ ಬಂದಾಗ ಅಜ್ಜಿ ಕಣ್ಣು ಮುಚ್ಚಿಕೊಂಡಳು. "ಎರಡೂ ಕೈ, ಚೆನ್ನಾಗ್ ಮುಟ್ಟಿದ್ಲು" ಎಂದರು ಮೇಷ್ಟ್ರು. ಕಣ್ಣು ತೆರೆದರೆ ಮೊಮ್ಮಗಳು ಆಗಲೇ ತಿರುಗಿ ನೀರೊಳಗೆ ಮುಳುಗಿದ್ದಳು. ತಿರುಗಿದ ಮೇಲೆ ಇವರು ಒಂದಷ್ಟು ದೂರ ನೀರೊಳಗೇ ಸಾಗುತ್ತಾರೆ, ಅದು ಈ ಈಜಿನ ಕ್ರಮ. ಹೊಂಬಾಳಮ್ಮನಿಗೆ ಅದು ಯಾರೂ ಹೇಳಿರಲಿಲ್ಲ. ಅವಳು ಕಂಡದ್ದು ಇಷ್ಟೇ: ಮುಟ್ಟಿ ನಮಸ್ಕರಿಸದೆ ತಿರುಗಿದವಳು ಮೇಲೆ ಕಾಣುತ್ತಿಲ್ಲ.

ಟೋಪಿ ಮೇಲೆ ಬಂತು. ಎರಡನೆಯ ಗೋಡೆಗೂ ಹಾಗೆಯೇ ಆಯಿತು, ಮೂರನೆಯದಕ್ಕೂ. ಪ್ರತಿ ಸಲವೂ ಅವಳು ಉಸಿರು ಹಿಡಿದು ಆ ಟೋಪಿಗಾಗಿ ಕಾದಳು. ಪಕ್ಕದವರು ಮುಂದೆ, ಹಿಂದೆ, ಐದು, ಆರು ಎಂದು ಎಣಿಸುತ್ತಿದ್ದುದು ಅವಳ ಕಿವಿಗೆ ಬೀಳಲೇ ಇಲ್ಲ. ಕೊನೆಯ ಗೋಡೆಗೆ ಎರಡು ಕೈ ಒಟ್ಟಿಗೆ ಬಡಿದವು.

ಪಟ್ಟಿ ಬಂತು. ಗಗನಳ ಹೆಸರು ಆರನೆಯದು, ಮುಂದೆ ಸಮಯ, ಅಕ್ಷರಗಳಿಲ್ಲ. ಮೇಷ್ಟ್ರು ಚೀಟಿ ನೋಡಿ ತಲೆಯಾಡಿಸಿದರು, ಅದು ಈ ಸುತ್ತಿನಲ್ಲಿ ಮಾತ್ರ ಆರನೆಯದು, ಎಲ್ಲ ಸುತ್ತೂ ಸೇರಿಸಿದರೆ ಫೈನಲ್ಲಿಗೆ ಸಾಲದು. ಒಬ್ಬೊಬ್ಬರೇ ಕ್ಯಾನು ಎತ್ತಿಕೊಂಡರು.

"ಆರನೇದು ಕಣವ್ವ" ಎಂದ ಬೋರಯ್ಯ. ಎರಡು ದಿನದಲ್ಲಿ ಅವ್ವನೊಡನೆ ಆಡಿದ ಮೊದಲ ಮಾತು. "ಮುಗೀತು. ಬಾ, ಓಗಾನ."

"ಒಸಿ ತಡಿಲಾ" ಎಂದಳು ಹೊಂಬಾಳಮ್ಮ.

ಟೀವಿಯಲ್ಲಿ ಗಗನ ಇನ್ನೂ ನೀರಿನಲ್ಲೇ ಇದ್ದಳು, ಹಗ್ಗಕ್ಕೆ ಒರಗಿ ಏದುಸಿರು ಬಿಡುತ್ತಿದ್ದಳು. ಆಮೇಲೆ ಗೋಡೆಗೆ ಕೈಯೂರಿ ಮೈ ಎತ್ತಿದಳು. ಒಂದು ಕಾಲು ಮೇಲಿಟ್ಟಳು, ಇನ್ನೊಂದಿಟ್ಟಳು. ಕನ್ನಡಕ ಕಿತ್ತು, ಮೂಗು ಸೀಟಿಕೊಂಡು, ಒದ್ದೆ ನೆಲದ ಮೇಲೆ ನಡೆದುಹೋದಳು.

"ಬಂದ್ಲು ಕಣ್ಲಾ ಮ್ಯಾಕೆ" ಎಂದಳು ಹೊಂಬಾಳಮ್ಮ, ಮಗನ ತೋಳು ಹಿಡಿದು. ಐವತ್ತು ವರ್ಷದಲ್ಲಿ ಯಾರ ಮುಂದೆಯೂ ಅಳದವಳು ಡೇರಿಯ ಬಾಗಿಲಲ್ಲಿ ನಿಂತು ಜೋರಾಗಿ ಅತ್ತಳು. ಸೋತದ್ದಕ್ಕೆ ಅಳುತ್ತಿದ್ದಾಳೆಂದುಕೊಂಡ ಜನ ಅವಳನ್ನು ಸಮಾಧಾನ ಮಾಡುತ್ತಾ ಹೋದರು.