ಮೊದಲನೆಯ ವಾಫಲ್

ಮಂಗಳವಾರ ಬೆಳಿಗ್ಗೆ ಆರೂಕಾಲಿಗೆ ಅವಳು ಮಲಗುವ ಕೋಣೆಯ ಬಾಗಿಲು ತೆಗೆದಾಗ ಮೊದಲು ಮೂಗಿಗೆ ಬಡಿದದ್ದು ವಾಸನೆ. ಬೆಣ್ಣೆ, ಬಿಸಿಯಾದ ಬಾಳೆಹಣ್ಣು, ಒಂಚೂರೇ ಚೂರು ಸೀದ ಸಕ್ಕರೆ. ಮೇಜಿನ ಮೇಲೆ ಎರಡು ತಟ್ಟೆ. ಒಂದೊಂದರಲ್ಲೂ ಎರಡೆರಡು ವಾಫಲ್, ಚೌಕಚೌಕದ ಗುಳಿಗಳ ತುಂಬ ಸೇಬಿನ ಚೂರು, ಮೇಲೆ ಜೇನು. ನಡುಮನೆಯ ಸೋಫಾದಲ್ಲಿ ಗಂಡ ಗೋಡೆಗೆ ಮುಖ ಮಾಡಿ ಗೊರಕೆ ಹೊಡೆಯುತ್ತಿದ್ದ.

'ನಾಟಕ ನೋಡು ಇವರದ್ದು,' ಅಂದುಕೊಂಡಳು. ಎದ್ದು ಮಾಡಿಟ್ಟು, ಏನೂ ಗೊತ್ತಿಲ್ಲದವನ ಹಾಗೆ ಮತ್ತೆ ಹೋಗಿ ಮಲಗಿದ್ದಾನೆ. ಮಾತಾಡಿಸಲಿಲ್ಲ. ತನ್ನ ಪಾಲಿನದನ್ನು ಚಕಚಕನೆ ತಿಂದು ಆಸ್ಪತ್ರೆಗೆ ಹೊರಟಳು.

ಹನ್ನೊಂದು ದಿನದಿಂದ ಇಬ್ಬರ ನಡುವೆ ಮಾತಿರಲಿಲ್ಲ. ಜಗಳ ಶುರುವಾದದ್ದು ಅಕ್ಕನ ಕೋಣೆಯ ವಿಷಯಕ್ಕೆ. ಅಕ್ಕ ಅಂದರೆ ಗಂಡನ ಅಕ್ಕ, ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು. ಮದುವೆ ಆಗದೆ ಇವರ ಜೊತೆಯಲ್ಲೇ ಇದ್ದು ಎಂಟು ತಿಂಗಳ ಹಿಂದೆ ತೀರಿಕೊಂಡಳು. ಆವತ್ತೇ ಅವನು ಆ ಕೋಣೆಗೆ ಬೀಗ ಜಡಿದು ಕೀಲಿಯನ್ನು ಜೇಬಿಗಿಳಿಸಿದ. ಇರುವುದೇ ಎರಡು ಕೋಣೆ!

"ಕೋಣೆ ಖಾಲಿ ಮಾಡೋಣ ರೀ. ಸಾಮಾನು ಯಾರಿಗಾದ್ರೂ ಕೊಡೋಣ. ನಾನು ಓದೋಕೆ ಬರೆಯೋಕೆ ಒಂದು ಮೇಜು ಹಾಕ್ಕೋತೀನಿ," ಎಂದಿದ್ದಳು ಅವಳು.

"ಅಕ್ಕನ ಒಂದು ಚಮಚಾನೂ ಈ ಮನೆಯಿಂದ ಆಚೆ ಹೋಗಲ್ಲ."

"ಹಾಗಾದ್ರೆ ನಾನೇ ಹೋಗ್ತೀನಿ. ಈ ಮನೇಲಿ ಸತ್ತವರಿಗೆ ಕೋಣೆ ಇದೆ, ಬದುಕಿರೋಳಿಗೆ ಇಲ್ಲ."

ಆಡಬಾರದ ಮಾತು. ಆಡಿ ಆಗಿತ್ತು. ಅವಳು ಎಕ್ಸ್‌ರೇ ತೆಗೆಯುವವಳು. ದೂರದ ಊರಿನ ಶಾಖೆಗೆ ಹೋಗಲು ಒಪ್ಪಿಗೆಯೋ ಇಲ್ಲವೋ ಎಂದು ಆಸ್ಪತ್ರೆಯಿಂದ ಕಾಗದ ಬಂದಿತ್ತು. ಶನಿವಾರ ಹತ್ತು ಗಂಟೆಗೆ ಅವರೇ ಫೋನ್ ಮಾಡಿ ಕೇಳುವವರಿದ್ದರು. ಕಾಗದವನ್ನು ಅವಳು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು, ಗಂಡ ನೋಡಲಿ ಅಂತಲೇ. 'ಬೇಡ ಕಣೇ' ಎಂದು ಅವನೊಂದು ಮಾತು ಅಂದಿದ್ದರೆ ಸಾಕಿತ್ತು. ಲಿಫ್ಟ್ ರಿಪೇರಿಯವನು ಆ ಮಹಾರಾಯ; ಊರಿಗೆಲ್ಲ ಬಾಗಿಲು ತೆಗೆದುಕೊಡುವವನಿಗೆ ಮನೆಯಲ್ಲಿ ಬಾಯಿ ತೆಗೆಯಲಾಗಲಿಲ್ಲ. 'ಗ್ಯಾಸ್ ಮುಗಿದಿದೆ' ಎಂದು ಅದೇ ಕಾಗದದ ಪಕ್ಕದಲ್ಲಿ ಚೀಟಿ ಅಂಟಿಸಿದ.

ಇಂಥದರಲ್ಲಿ ವಾಫಲ್! ಅದು ಅಕ್ಕನ ಭಾನುವಾರದ ತಿಂಡಿ. ಸೇಬನ್ನು ತುರಿದು ಬಟ್ಟೆಯಲ್ಲಿ ಹಿಂಡಿ ನೀರು ತೆಗೆಯುವುದು, ಮೊಟ್ಟೆಯ ಬಿಳಿಯನ್ನು ಬೇರೆಯಾಗಿ ನೊರೆ ಬರುವಷ್ಟು ಕಡೆಯುವುದು, ಕಪ್ಪುಚುಕ್ಕೆ ಬಿದ್ದ ಬಾಳೆಹಣ್ಣನ್ನೇ ಆರಿಸಿ ಕಿವುಚುವುದು. ವಾಫಲ್ ಮೆಷಿನ್ನಿನ ಕೊಂಡಿ ಮುರಿದಿತ್ತು. ಹಬೆ ನಿಲ್ಲುವವರೆಗೂ ಮುಚ್ಚಳವನ್ನು ಕೈಯಲ್ಲೇ ಒತ್ತಿ ಹಿಡಿಯಬೇಕು. ಅಷ್ಟೆಲ್ಲ ಮಾಡಿದರೂ ಮೊದಲನೆಯದು ಅಂಟಿಕೊಂಡು ಹರಿದೇ ಬರುತ್ತಿತ್ತು. "ಮೊದಲನೇದು ನಂದು," ಎಂದು ಅಕ್ಕ ಅದನ್ನು ನೀಲಿ ಅಂಚಿನ ಚಿಕ್ಕ ತಟ್ಟೆಗೆ ಹಾಕಿಕೊಂಡು ಸಿಂಕಿನ ಹತ್ತಿರ ನಿಂತೇ ತಿನ್ನುತ್ತಿದ್ದಳು. ಕೂತು ತಿನ್ನು ಎಂದರೆ ಕೇಳುವವಳಲ್ಲ.

ಆ ಮೆಷಿನ್ ಇದ್ದದ್ದು ಬೀಗ ಹಾಕಿದ ಕೋಣೆಯಲ್ಲಿ. ಬಸ್ಸಿನಲ್ಲಿ ಕೂತಾಗ ಅವಳಿಗೆ ಇದು ಹೊಳೆಯಿತು. ಅಂದರೆ ಅವನು ಬೀಗ ತೆಗೆದಿದ್ದಾನೆ, ತನಗೋಸ್ಕರ ತೆಗೆದಿದ್ದಾನೆ. ಕಣ್ಣು ಒದ್ದೆಯಾಯಿತು.

ಬುಧವಾರವೂ ಎರಡು ತಟ್ಟೆ ಇತ್ತು. ಸಿಂಕಿನ ಪಕ್ಕ ನೀಲಿ ಅಂಚಿನ ತಟ್ಟೆ, ಅದರಲ್ಲಿ ನಾಲ್ಕು ಪುಡಿಚೂರು. ಅಕ್ಕನ ಹಾಗೆಯೇ ನಿಂತು ತಿಂದಿದ್ದಾನೆ ಪಾಪ, ಅಂದುಕೊಂಡಳು. ಅವತ್ತು ಅವನು ಬಂದು ಎದುರಿಗೆ ಕೂತ, ಜೇನಿನ ಬಾಟಲಿಯನ್ನು ಅವಳ ಕಡೆ ಸರಿಸಿದ. ಥ್ಯಾಂಕ್ಸ್ ಅನ್ನಲು ಇಬ್ಬರಿಗೂ ಬಿಂಕ. ಮೊದಲು ಅಂದವರು ಸೋತ ಹಾಗೆ. ಸಂಜೆ ಅವಳು ಒಂದು ಚಿಪ್ಪು ಬಾಳೆಹಣ್ಣು ತಂದರೆ, ಬುಟ್ಟಿಯಲ್ಲಿ ಅವನು ತಂದ ಇನ್ನೊಂದು ಚಿಪ್ಪು ಆಗಲೇ ಕೂತಿತ್ತು.

ಗುರುವಾರ ಅವಳಿಗೆ ಐದಕ್ಕೇ ಎಚ್ಚರವಾಯಿತು. ಅಡುಗೆಮನೆಯಲ್ಲಿ ಮೊಟ್ಟೆ ಕಡೆಯುವ ಟಕಟಕ, ಮೆಷಿನ್ನಿನ ಸುಯ್ ಎನ್ನುವ ಹಬೆ. ಚಪ್ಪಲಿ ಎಳೆದು ಓಡಾಡುವ ಸದ್ದು. ಸೋಫಾದ ಮೇಲೆ ಮಲಗಿ ಸೊಂಟ ಹಿಡಿದಿರಬೇಕು, ಅನುಭವಿಸಲಿ, ಎಂದು ನಗುತ್ತ ಹೊದಿಕೆ ಎಳೆದುಕೊಂಡಳು. ಎಷ್ಟೋ ದಿನಗಳ ಮೇಲೆ ಚೆನ್ನಾಗಿ ನಿದ್ದೆ ಬಂತು.

ಶುಕ್ರವಾರ ಅವನು ಮೇಜಿನ ಹತ್ತಿರ ಬಾಯಿಬಿಟ್ಟ. "ಇವತ್ತು ಸೇಬು ಜಾಸ್ತಿ ಬಿದ್ದಿದೆ ಅಲ್ವಾ?"

"ಚೆನ್ನಾಗೇ ಇದೆ," ಎಂದಳು. ಅವನ ಮೀಸೆಗೆ ಜೇನು ಅಂಟಿತ್ತು. ಕಿಸಕ್ಕನೆ ನಕ್ಕುಬಿಟ್ಟಳು. ಅವನೂ ನಕ್ಕ. ಆದರೂ ಕಾಗದದ ಸುದ್ದಿಯನ್ನು ಇಬ್ಬರೂ ಎತ್ತಲಿಲ್ಲ.

ಶನಿವಾರ ವಾಸನೆ ಇರಲಿಲ್ಲ.

ಅವಳು ಹೊರಗೆ ಬಂದಾಗ ಅವನು ಮೇಜಿನ ಮುಂದೆ ನಿಂತಿದ್ದ. ಎರಡು ಖಾಲಿ ತಟ್ಟೆ, ಚಾಕು, ಇಡೀ ಸೇಬು, ಬಾಳೆಹಣ್ಣು, ಹಿಟ್ಟಿನ ಡಬ್ಬ, ನಾಲ್ಕು ಮೊಟ್ಟೆ. ಎಲ್ಲ ಒಪ್ಪವಾಗಿ ಜೋಡಿಸಿಟ್ಟಿತ್ತು. ನಾಲ್ಕು ದಿನ ಮಾಡಿ, ತೀರ್ಮಾನದ ದಿನ ಕೈಬಿಟ್ಟನಲ್ಲ, ಅಂದುಕೊಂಡಳು.

"ಇವತ್ತು ಮಾಡ್ಲಿಲ್ವಾ?" ಅವನೇ ಕೇಳಿದ. "ಹೋಗೋದೇ ಅಂತ ಮನಸ್ಸು ಮಾಡಿಬಿಟ್ಯಾ?"

"ನಾನಾ? ದಿನಾ ಮಾಡ್ತಿದ್ದದ್ದು ನೀವು!"

"ತಮಾಷೆ ಬೇಡ ಕಣೇ. ನಂಗೆ ಮೊಟ್ಟೆ ಒಡೆಯೋಕೂ ಬರಲ್ಲ. ನೀನು ಬೇರೆ ಮೆಷಿನ್ ತಂದಿದ್ದೀಯ ಅಂದ್ಕೊಂಡೆ."

"ನಾನೆಲ್ಲಿ ತಂದೆ? ಕೀಲಿ ನಿಮ್ಮ ಹತ್ರ ಇದೆ, ನೀವು ಕೋಣೆ ತೆಗೆದ್ರಿ ಅಂದ್ಕೊಂಡೆ." ಅವಳ ದನಿ ಸಣ್ಣದಾಯಿತು. "ಗುರುವಾರ ನೀವು ಕಾಲು ಎಳ್ಕೊಂಡು ಓಡಾಡಿದ್ದು ನಾನೇ ಕೇಳಿದೀನಿ."

"ನಾನೂ ಕೇಳಿದೆ ನಿದ್ದೆಗಣ್ಣಲ್ಲಿ. ನಿನಗೇ ಕಾಲುನೋವೇನೋ ಅಂದ್ಕೊಂಡೆ."

ಇಬ್ಬರೂ ಬೀಗ ಹಾಕಿದ ಬಾಗಿಲಿನ ಕಡೆ ತಿರುಗಿದರು. ಆ ಮನೆಯಲ್ಲಿ ಎಡಗಾಲು ಎಳೆದು ನಡೆಯುತ್ತಿದ್ದವಳು ಅಕ್ಕ ಒಬ್ಬಳೇ. ಅವಳು ಹೋಗಿ ಗಂಡನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು, ಹನ್ನೊಂದು ಹದಿನೈದು ದಿನದ ಲೆಕ್ಕವೆಲ್ಲ ಮರೆತುಹೋಯಿತು.

ಅವನು ಜೇಬಿನಿಂದ ಕೀಲಿ ತೆಗೆದ. ಬೀಗಕ್ಕೆ ಹಾಕುವಾಗ ಎರಡು ಸಲ ತಪ್ಪಿತು. ಬಾಗಿಲು ತೆರೆದಾಗ ಎಂಟು ತಿಂಗಳ ಮುಚ್ಚಿದ ಗಾಳಿ ಮುಖಕ್ಕೆ ಬಂತು. ನೆಲದ ಮೇಲೆ ಬೆರಳು ದಪ್ಪ ಧೂಳು, ಅದರಲ್ಲಿ ಒಂದು ಹೆಜ್ಜೆಯ ಗುರುತೂ ಇಲ್ಲ. ಮಂಚದ ಪಕ್ಕದ ಕಪಾಟಿನಲ್ಲಿ ಮೆಷಿನ್ ತನ್ನ ರಟ್ಟಿನ ಪೆಟ್ಟಿಗೆಯಲ್ಲೇ ಇತ್ತು. ಅಕ್ಕ ಕಟ್ಟಿದ ದಾರ, ಅಕ್ಕ ಹಾಕಿದ ಗಂಟು. ಪೆಟ್ಟಿಗೆಯ ಮೇಲೂ ಧೂಳು.

"ನೋಡು, ಯಾರೂ ಮುಟ್ಟಿಲ್ಲ," ಎಂದ ಅವನು ಪಿಸುಮಾತಿನಲ್ಲಿ.

ಅವಳು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟಳು. ಬೆಚ್ಚಗಿತ್ತು. ಅವನ ಕೈ ಹಿಡಿದು ತನ್ನ ಕೈಯ ಪಕ್ಕದಲ್ಲೇ ಇಟ್ಟಳು. ಅವನು ಇಷ್ಟಗಲ ಕಣ್ಣು ಬಿಟ್ಟು, ಅಲ್ಲೇ ಮಂಚದ ಅಂಚಿನ ಮೇಲೆ ಕುಸಿದು, ಎಂಟು ತಿಂಗಳಲ್ಲಿ ಮೊದಲ ಸಲ ಮಗುವಿನ ಹಾಗೆ ಅತ್ತ. ಅತ್ತು ಮುಗಿದ ಮೇಲೆ ಕೀಲಿಯನ್ನು ಅವಳ ಕೈಗೆ ಕೊಟ್ಟ.

"ಇಟ್ಕೋ. ನಿನ್ನ ಮೇಜು ಇಲ್ಲೇ ಹಾಕ್ಕೋ. ಹೋಗ್ಬೇಡ ಕಣೇ."

ಅವಳು ಪೆಟ್ಟಿಗೆ ಎತ್ತಿಕೊಂಡು ಅಡುಗೆಮನೆಗೆ ನಡೆದಳು. ಅವನು ಸೇಬು ತುರಿದ, ಬೆರಳನ್ನೂ ತುರಿದುಕೊಂಡ. ಅವಳು ಹಿಟ್ಟು ಕಲಸಿದಳು. ಮುಚ್ಚಳವನ್ನು ಇಬ್ಬರೂ ಸೇರಿ ಒತ್ತಿ ಹಿಡಿದರು, ಹಬೆ ನಿಲ್ಲುವವರೆಗೂ. ಮೊದಲನೆಯದು ಅಂಟಿಕೊಂಡು ಎರಡು ಭಾಗವಾಗಿ ಹರಿಯಿತು. ಅವಳು ಒಂದು ಗಳಿಗೆ ನಿಂತು, ನೀಲಿ ಅಂಚಿನ ತಟ್ಟೆ ತೆಗೆದು, ಅದರಲ್ಲಿ ಹಾಕಿ ಸಿಂಕಿನ ಪಕ್ಕ ಇಟ್ಟಳು. ಉಳಿದದ್ದನ್ನು ಮೇಜಿನ ಮೇಲೆ ಎದುರುಬದುರು ಕೂತು ತಿಂದರು.

ಹತ್ತಕ್ಕೆ ಸರಿಯಾಗಿ ಫೋನ್ ಬಂತು. ಅವಳು ಕೂತಲ್ಲಿಂದಲೇ ಎತ್ತಿದಳು. ಅವನು ಅವಳ ಬಾಯನ್ನೇ ನೋಡುತ್ತಿದ್ದ.

"ಇಲ್ಲ ಸಾರ್, ಬರೋಕಾಗಲ್ಲ. ಮನೇಲಿ ಕೆಲಸ ಇದೆ," ಎಂದಳು. ಫೋನ್ ಇಟ್ಟು, ಕೆಂಪಾದ ಮುಖ ಒರೆಸಿಕೊಂಡು, ತಟ್ಟೆಗಳನ್ನು ಎತ್ತಿ ಸಿಂಕಿನ ಕಡೆ ತಿರುಗಿದಳು. ಅವನೂ ಹಿಂದೆಯೇ ಎದ್ದು ಬಂದ.

ಅಲ್ಲಿಯವರೆಗೂ ಇಬ್ಬರೂ ಮೇಜು ಬಿಟ್ಟು ಕದಲಿರಲಿಲ್ಲ. ನೀಲಿ ಅಂಚಿನ ತಟ್ಟೆಯಲ್ಲಿ ನಾಲ್ಕು ಪುಡಿಚೂರು ಮಾತ್ರ ಉಳಿದಿತ್ತು.

ಅವನು ಅವಳನ್ನು ನೋಡಿದ, ಅವಳು ಅವನನ್ನು ನೋಡಿದಳು. ನೀನು ತಿಂದೆಯಾ ಎಂದು ಯಾರೂ ಕೇಳಲಿಲ್ಲ. ಅವಳು ನಲ್ಲಿ ತಿರುಗಿಸಿದಳು. ಅವನು ಬಟ್ಟೆ ಹಿಡಿದು ಪಕ್ಕದಲ್ಲಿ ನಿಂತು, ಅವಳು ತೊಳೆದು ಕೊಟ್ಟ ಮೂರೂ ತಟ್ಟೆಗಳನ್ನು ಒಂದೊಂದಾಗಿ ಒರೆಸಿಟ್ಟ.