ಬಟ್ಟೆಗೆ ಹಸಿವಾಗುವುದಿಲ್ಲ

ಕಟಿಂಗ್ ಮಾಸ್ಟರ್ ಪ್ರತಿ ಸೋಮವಾರ ಬೆಳಿಗ್ಗೆ ತನ್ನ ಹೆಂಡತಿಯ ಸೊಂಟಕ್ಕೆ ಟೇಪು ಸುತ್ತಿ, ಬಂದ ಅಳತೆಯನ್ನು ಅಂಗಡಿಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ. ಬಟ್ಟೆ ಹೊಲಿಸಲು ಬಂದವರೆಲ್ಲ ಅದನ್ನು ಓದುತ್ತಿದ್ದರು.

ಅಂಗಡಿ ಎಂದರೆ ಒಂದೇ ಕೋಣೆ. ಬಾಗಿಲ ಬಳಿ ಮಾಸ್ಟರನ ಕತ್ತರಿ ಮೇಜು. ಕಿಟಕಿಯ ಪಕ್ಕ ಹೆಂಡತಿಯ ಕಾಲುಮಿಶನ್ನು. ಹದಿನೈದು ವರ್ಷದಿಂದ ಅದರ ಮುಂದೆಯೇ ಕೂತವಳನ್ನು ಬೀದಿಯವರು ಮಿಶನಕ್ಕ ಎಂದೇ ಕರೆಯುತ್ತಿದ್ದರು. ಮೂಲೆಯ ಸ್ಟೂಲಿನ ಮೇಲೆ ಕಾಜಾ ಹಾಕುತ್ತ, ಗುಂಡಿ ಹೊಲಿಯುತ್ತ ಅತ್ತೆ. ನಡುವಿನ ಪರದೆ ಸರಿಸಿದರೆ ಮನೆ.

ಮೂರು ವರ್ಷದ ಹಿಂದೆ ಮಿಶನಕ್ಕ ನೂರಾ ಹದಿನೆಂಟು ಕೆಜಿ ಇದ್ದಳು. ಮಂಡಿನೋವು, ಸಕ್ಕರೆ ಕಾಯಿಲೆ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ದೊಡ್ಡಾಸ್ಪತ್ರೆಯಲ್ಲಿ ಹೊಟ್ಟೆ ಚಿಕ್ಕದು ಮಾಡುವ ಆಪರೇಶನ್ ಆಯಿತು. ಒಂದೂವರೆ ವರ್ಷದಲ್ಲಿ ಎಪ್ಪತ್ತನಾಲ್ಕಕ್ಕೆ ಇಳಿದಳು. ಸಕ್ಕರೆ ಹತೋಟಿಗೆ ಬಂತು, ಮಂಡಿ ಮಾತು ಕೇಳತೊಡಗಿತು. ಮಾಸ್ಟರ್ ಖುಷಿಯಲ್ಲಿ ಅವಳ ಬಟ್ಟೆಗಳನ್ನೆಲ್ಲ ಬಿಚ್ಚಿ ಚಿಕ್ಕದು ಮಾಡಿದ. ಊರವರ ಬಟ್ಟೆಗೆ ಹೊಲಿಗೆಯ ಒಳಗೆ ಒಂದೂವರೆ ಇಂಚು ಬಿಡುವ ಮನುಷ್ಯ, ಹೆಂಡತಿಯ ಬಟ್ಟೆಯಲ್ಲಿ ಒಳಗೆ ಬಿಟ್ಟಿದ್ದನ್ನೂ ಕತ್ತರಿಸಿ ಎಸೆದ. ‘ಇನ್ನು ಯಾಕೆ ಬೇಕು? ಮುಗೀತಲ್ಲ,’ ಎಂದ.

ಮುಗಿದಿರಲಿಲ್ಲ. ನಿಧಾನಕ್ಕೆ ಆರು ಕೆಜಿ ಮರಳಿ ಬಂತು. ಬಿಚ್ಚಿ ದೊಡ್ಡದು ಮಾಡಲು ಬಟ್ಟೆಯೊಳಗೆ ಏನೂ ಉಳಿದಿರಲಿಲ್ಲ. ಅಂದಿನಿಂದ ಟೇಪು, ಸೀಮೆಸುಣ್ಣ, ಮತ್ತು ಉಪದೇಶ.

ಉಪದೇಶ ಕೊಡಲು ಬೀದಿಗೆ ಬೀದಿಯೇ ತುದಿಗಾಲಲ್ಲಿ ನಿಂತಿತ್ತು.

‘ಹೊಟ್ಟೆ ಕೊಯ್ಸಿಕೊಂಡ ಮೇಲೂ ಬಾಯಿ ಕಟ್ಟೋಕಾಗಲಿಲ್ವಾ?’ ಎಂದು ಮಗನ ಪ್ಯಾಂಟು ತಂದ ಹೆಂಗಸೂ ಕೇಳುವಳು. ‘ಆಪರೇಶನ್ ಅಂದ್ರೆ ಸೋಮಾರಿಗಳ ದಾರಿ. ನಾನು ನೋಡಿ, ಬೆಳಿಗ್ಗೆ ಬಿಸಿನೀರು ಕುಡೀತೀನಿ, ಅಷ್ಟೇ,’ ಎಂದು ನಲವತ್ತಾರು ಇಂಚಿನ ಸೊಂಟದ ಗುಮಾಸ್ತನೂ ಹೇಳುವನು. ಅವನ ಅಳತೆಯನ್ನು ಯಾರೂ ಗೋಡೆಗೆ ಬರೆಯುತ್ತಿರಲಿಲ್ಲ.

ಮಾಸ್ಟರ್ ಅವಳ ಮಧ್ಯಾಹ್ನದ ಊಟ ನಿಲ್ಲಿಸಿದ. ‘ಎಂಬತ್ತು ಮುಟ್ಟಿದೀಯ. ಬೇಡ ನಿಂಗೆ.’ ಮೂರು ಗಂಟೆಗೆ ಹಸಿವು ತಡೆಯಲಾಗುತ್ತಿರಲಿಲ್ಲ. ಪಕ್ಕದ ಅಂಗಡಿಯಿಂದ ಸಕ್ಕರೆ ಹಾಕಿದ ಚಹಾ ಬರುತ್ತಿತ್ತು, ಅದರಲ್ಲಿ ಅದ್ದಲು ನಾಲ್ಕು ಬಿಸ್ಕತ್ತು. ಅದ್ದಿದ ಬಿಸ್ಕತ್ತು ಬಾಯಲ್ಲೇ ಕರಗಿ ಇಳಿದುಹೋಗುತ್ತಿತ್ತು. ಹೊಟ್ಟೆಗೆ ಬಂದಿದ್ದೇ ಗೊತ್ತಾಗದು. ನಾಲ್ಕೂವರೆಗೆ ಇನ್ನೊಂದು ಲೋಟ, ಇನ್ನು ನಾಲ್ಕು. ಊಟ ಬಿಟ್ಟಿದ್ದಾಳೆ, ಆದರೂ ತೂಕ ಏರುತ್ತದೆ. ಮನೆಯವರಿಗೆ ಒಂದೇ ಅನುಮಾನ, ಇವಳು ಕದ್ದು ತಿನ್ನುತ್ತಾಳೆ.

ಇದರ ನಡುವೆ ಅವಳ ಪಾದಗಳಲ್ಲಿ ಇರುವೆ ಹರಿದಂತಾಗತೊಡಗಿತು. ಆಮೇಲೆ ಇರುವೆಯೂ ನಿಂತಿತು. ದಪ್ಪ ಕಾಲುಚೀಲ ಹಾಕಿಕೊಂಡು ನಡೆದಂತೆ. ಹೇಳಿದರೆ ಅದಕ್ಕೂ ತೂಕವೇ ಕಾರಣ ಎನ್ನುತ್ತಾರೆಂದು ಹೇಳಲಿಲ್ಲ.

ಒಂದು ದಿನ ಬಿಳಿ ಶರ್ಟಿನ ಕಾಲರು ತಿರುಗಿಸುವಾಗ ಕಾಲು ನಿಲ್ಲಿಸಿದೆ ಎಂದುಕೊಂಡಳು. ಕಾಲು ನಿಂತಿರಲಿಲ್ಲ. ಸೂಜಿ ತೋರುಬೆರಳಿನ ಉಗುರಿನ ಮೂಲಕ ಇಳಿಯಿತು.

‘ಕಾಲು ಎಲ್ಲಿಟ್ಟಿದ್ದೆ ನೀನು?’ ಎಂದು ಮಾಸ್ಟರ್ ಕೂಗಿದ. ಕಾಲರಿನ ಮೇಲೆ ಹರಡುತ್ತಿದ್ದ ಕೆಂಪನ್ನು ನೋಡಿ ಅವನ ದನಿ ಇನ್ನೂ ಏರಿತು. ‘ಗಿರಾಕಿ ಶರ್ಟು ಕಣೇ ಅದು!’

‘ಬೆರಳು ಯಾರದ್ದು ಮಾಸ್ಟ್ರೇ?’

ಬಾಗಿಲಲ್ಲಿ ದೊಡ್ಡಾಸ್ಪತ್ರೆಯ ನರ್ಸಮ್ಮ ನಿಂತಿದ್ದಳು, ತೋಳಿನ ಮೇಲೆ ಹೊಲಿಗೆ ಬಿಚ್ಚಿ ದೊಡ್ಡದು ಮಾಡಿಸಬೇಕಾದ ಎರಡು ಯೂನಿಫಾರಂ. ಆಪರೇಶನ್ನಿನ ವಾರ್ಡಿನಲ್ಲಿ ಮಿಶನಕ್ಕನನ್ನು ನೋಡಿಕೊಂಡವಳು ಅವಳೇ. ಯೂನಿಫಾರಂ ಬದಿಗಿಟ್ಟು ಬೆರಳಿಗೆ ಪಟ್ಟಿ ಕಟ್ಟಿದಳು. ಕಟ್ಟುತ್ತ ಕಟ್ಟುತ್ತ ಗೋಡೆ ನೋಡಿದಳು.

‘ಇದೇನಕ್ಕ, ಯಾರ ಅಳತೆ?’

ಅತ್ತೆ ಹೆಮ್ಮೆಯಿಂದಲೇ ಹೇಳಿದಳು. ‘ಅವಳದ್ದೇ. ನಾಚಿಕೆಯಾದ್ರೂ ಆಗ್ಲಿ ಅಂತ.’

‘ಆಯ್ತಾ? ನಾಚಿಕೆಯಾಗಿ ಎಷ್ಟು ಕೆಜಿ ಇಳೀತು?’

ಅತ್ತೆ ಸೂಜಿಗೆ ದಾರ ಪೋಣಿಸುವುದರಲ್ಲಿ ಮಗ್ನಳಾದಳು.

‘ಎರಡು ವರ್ಷ ಆಯ್ತು ಅಕ್ಕ, ಚೆಕಪ್ಪಿಗೆ ನೀವು ಬಂದಿಲ್ಲ. ಫೋನ್ ಮಾಡಿದ್ರೆ ಇವರು ಎತ್ತಿ “ಚೆನ್ನಾಗಿದ್ದಾಳೆ” ಅಂತ ಇಟ್ಟುಬಿಡ್ತಾರೆ.’

‘ಚೆನ್ನಾಗಿದ್ಲಲ್ಲ!’ ಮಾಸ್ಟರ್ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದ. ‘ನೋಡಮ್ಮ, ನಾನು ಕತ್ತರಿ ಹಿಡಿದವನು. ಕತ್ತರಿಸಿದ್ದು ಕತ್ತರಿಸಿದ್ದೇ. ಕತ್ತರಿಸಿ ಹೊಲಿದ ಬಟ್ಟೆ ತಾನಾಗೇ ದೊಡ್ಡದಾಗುತ್ತಾ? ಹೊಟ್ಟೆ ಚಿಕ್ಕದು ಮಾಡಿ ಹೊಲಿದು ಕಳಿಸಿದ್ರಿ. ಆಮೇಲೂ ದಪ್ಪ ಆಗ್ತಾಳೆ ಅಂದ್ರೆ ತಪ್ಪು ಯಾರದ್ದು?’

‘ಬಟ್ಟೆಗೆ ಹಸಿವಾಗುತ್ತಾ ಮಾಸ್ಟ್ರೇ?’

‘ಆಂ?’

‘ಗಿರಾಕಿ ಬಟ್ಟೆಗೆ ಒಳಗೆ ಒಂದೂವರೆ ಇಂಚು ಬಿಡ್ತೀರಲ್ಲ, ಯಾಕೆ?’

‘ಯಾಕೆ ಅಂದ್ರೆ? ಮನುಷ್ಯರ ಮೈ ಸದಾ ಒಂದೇ ಥರ ಇರುತ್ತಾ? ಬಿಡಬೇಕು.’

‘ಮತ್ತೆ ಇವರು ಮನುಷ್ಯರಲ್ವಾ?’

ಮಾಸ್ಟರ್ ಕುಕ್ಕಿದ್ದ ಕತ್ತರಿಯನ್ನು ಎತ್ತಿ ಪಕ್ಕಕ್ಕಿಟ್ಟ.

ನರ್ಸಮ್ಮನಿಗೂ ಸಿಟ್ಟು ಬಂದಿತ್ತು, ಆದರೆ ಅದು ಒಬ್ಬರ ಮೇಲಲ್ಲ. ‘ಆಪರೇಶನ್ ದಿನ ನಮ್ಮ ಕಡೆಯಿಂದ ಆರು ಜನ ಡಾಕ್ಟ್ರು ಸುತ್ತ ನಿಂತಿದ್ರು. ಮನೆಗೆ ಕಳಿಸುವಾಗ ಕೊಟ್ಟಿದ್ದು ಒಂದು ಕಾಗದ, ಇರುವೆ ಕಾಲಿನಂಥ ಅಕ್ಷರ. ಅದು ನಮ್ಮ ತಪ್ಪು, ಒಪ್ಕೋತೀನಿ. ಈಗ ಬಾಯಲ್ಲಿ ಹೇಳ್ತೀನಿ, ಕೇಳಿ. ಆಪರೇಶನ್ ಕಾಯಿಲೆಯನ್ನ ಕಿತ್ತು ಎಸೆಯಲ್ಲ, ಒಂದು ದೊಡ್ಡ ಆಸರೆ ಕೊಡುತ್ತೆ, ಅಷ್ಟೇ. ಮೊದಲ ಒಂದೆರಡು ವರ್ಷ ತೂಕ ಇಳಿಯುತ್ತೆ. ಆಮೇಲೆ ಮೈ ಹಠ ಹಿಡಿಯುತ್ತೆ, ಹಸಿವು ಮರಳುತ್ತೆ, ಸ್ವಲ್ಪ ತೂಕ ವಾಪಸು ಬರುತ್ತೆ. ಬಹಳ ಜನಕ್ಕೆ ಬರುತ್ತೆ. ನಲವತ್ತನಾಲ್ಕು ಇಳಿದು ಆರು ಏರಿದ್ರೆ ಅದು ಸೋಲಲ್ಲ. ಆದ್ರೆ ಏರ್ತಾನೇ ಇದ್ರೆ ಬೇಗ ಬಂದು ತೋರಿಸಬೇಕು. ಅಲ್ಲಿ ನಾವು ಬೈಯಲ್ಲ.’

‘ಮತ್ತೆ ಆಸ್ಪತ್ರೇಲಿ ಕೊಟ್ಟಿದ್ದ ಆ ಶಕ್ತಿ ಮಾತ್ರೆ?’ ಎಂದು ಮಿಶನಕ್ಕ ಮೆಲ್ಲನೆ ಕೇಳಿದಳು. ‘ಅದು ನಿಂತು ಒಂದು ವರ್ಷದ ಮೇಲಾಯ್ತು.’

‘ನಿಂತಿತಾ? ಜೀವನಪೂರ್ತಿ ತಗೋಬೇಕು ಅಂತ ಆ ಕಾಗದದಲ್ಲೇ ಇತ್ತಲ್ಲಕ್ಕ! ಯಾರು ನಿಲ್ಸಿದ್ದು?’

ಅತ್ತೆ ಸ್ಟೂಲಿನಿಂದಲೇ ಹೇಳಿದಳು, ‘ನಾನೇ. ಕಸದ ಬುಟ್ಟಿಗೆ ಹಾಕ್ದೆ. ಶಕ್ತಿ ಮಾತ್ರೆ ಅಂದ್ರಲ್ಲ. ಶಕ್ತಿ ಬಂದ್ರೆ ಮೈ ಬರುತ್ತೆ, ಅದಕ್ಕೇ ದಪ್ಪ ಆಗ್ತಾಳೆ ಅಂದ್ಕೊಂಡೆ.’

ನರ್ಸಮ್ಮ ಹಣೆ ಒತ್ತಿಕೊಂಡಳು. ‘ಅಮ್ಮಾ, ಆ ಮಾತ್ರೆಯಲ್ಲಿ ಕೊಬ್ಬಿಲ್ಲ. ಚಿಕ್ಕದಾದ ಹೊಟ್ಟೆಗೆ ಊಟದಿಂದ ಸಿಗದೇ ಹೋಗೋ ಜೀವಸತ್ವ ಇದೆ ಅದರಲ್ಲಿ, ಕಬ್ಬಿಣ, ಸುಣ್ಣದಂಶ ಎಲ್ಲ. ಅಕ್ಕ, ಕಾಲು ಜುಮ್ಮನ್ನುತ್ತಾ?’

‘ಮೊದಲು ಅನ್ನುತ್ತಿತ್ತು. ಈಗ ಅದೂ ಇಲ್ಲ.’

ನರ್ಸಮ್ಮ ಅವಳ ಚಪ್ಪಲಿ ಬಿಚ್ಚಿಸಿ ಕಾಲನ್ನು ಇನ್ನೊಂದು ಸ್ಟೂಲಿನ ಮೇಲೆ ಇಡಿಸಿದಳು. ಕಣ್ಣು ಮುಚ್ಚಲು ಹೇಳಿದಳು. ಮೇಜಿನ ಮೇಲಿದ್ದ ಪೆನ್ಸಿಲ್ಲನ್ನು ಮಾಸ್ಟರನ ಕೈಗಿತ್ತಳು. ‘ಹಿಂತುದಿಯಿಂದ ಮೆಲ್ಲಗೆ ಮುಟ್ಟಿ. ನೀವೇ ಮುಟ್ಟಿ.’

ಮಾಸ್ಟರ್ ಹೆಬ್ಬೆರಳು ಮುಟ್ಟಿದ. ನಡುಬೆರಳು ಮುಟ್ಟಿದ. ಅಂಗಾಲಿನ ಮೇಲೆ ಗೆರೆ ಎಳೆದ. ಮತ್ತೆ ಹೆಬ್ಬೆರಳು.

ಮಿಶನಕ್ಕ ಕಣ್ಣು ಮುಚ್ಚಿಕೊಂಡೇ ಬೇಸರದಿಂದ ಹೇಳಿದಳು, ‘ಮುಟ್ರೀ ಬೇಗ. ಎಷ್ಟು ಹೊತ್ತು ಅಂತ ಕಾಯೋದು?’

ಮಾಸ್ಟರನ ಕೈಯಿಂದ ಪೆನ್ಸಿಲ್ಲು ಜಾರಿ ನೆಲಕ್ಕೆ ಬಿತ್ತು. ಹೆಂಡತಿಯ ಮೈಯ ಪ್ರತಿ ಇಂಚನ್ನೂ ಲೆಕ್ಕ ಹಾಕಿದ್ದವನಿಗೆ ಆ ಮೈಯೊಳಗೆ ಏನಾಗುತ್ತಿದೆ ಎಂದು ಗೊತ್ತೇ ಇರಲಿಲ್ಲ.

‘ನಾನು ಡಾಕ್ಟರಲ್ಲ, ರಕ್ತ ಪರೀಕ್ಷೆಯೇ ಹೇಳಬೇಕು,’ ಎಂದಳು ನರ್ಸಮ್ಮ. ‘ಆದ್ರೆ ಬಿ ಹನ್ನೆರಡು ಅನ್ನೋ ಜೀವಸತ್ವ ಕಮ್ಮಿಯಾದ್ರೆ ನರ ಹೀಗೇ ಸಾಯ್ತಾ ಬರುತ್ತೆ. ತಡ ಮಾಡಿದ್ರೆ ವಾಪಸು ಬರದೇನೇ ಹೋಗಬಹುದು. ಮಿಶನ್ ತುಳಿಯೋ ಕಾಲು ಮಾಸ್ಟ್ರೇ ಇದು. ನಿಮ್ಮ ಅಂಗಡಿ ನಡೀತಿರೋದು ಈ ಕಾಲ ಮೇಲೆ.’

‘ಯಾವಾಗ ಕರ್ಕೊಂಡು ಬರ್ಲಿ?’

‘ನಾಳೆ ಅಂದ್ರೆ ತಡ. ಈಗ ನಡೀರಿ.’

ರಕ್ತ ಪರೀಕ್ಷೆ ಅದನ್ನೇ ಹೇಳಿತು. ಇಂಜೆಕ್ಷನ್ ಶುರುವಾಯಿತು. ಆಸ್ಪತ್ರೆಯಿಂದ ಬಂದ ದಿನವೇ ಅತ್ತೆ ಒದ್ದೆ ಬಟ್ಟೆ ತಂದು ಗೋಡೆ ಒರೆಸಿದಳು. ಮಗನನ್ನು ಕೇಳಲಿಲ್ಲ.

ಮುಂದಿನ ವಾರ ನರ್ಸಮ್ಮ ಯೂನಿಫಾರಂ ಒಯ್ಯಲು ಬಂದಾಗ ಅತ್ತೆ ಅಡುಗೆಮನೆಗೇ ಕರೆದೊಯ್ದಳು. ‘ಈಗ ಹೇಳು ತಾಯಿ, ಇವಳಿಗೆ ಏನು ಬಡಿಸ್ಲಿ? ಮೂರು ವರ್ಷದಿಂದ ಅವಳು ಹೀಗೆ, ನಾನು ಹಾಗೆ ಅಂತ ಜಗಳವೇ ಆಯ್ತು.’

‘ಊಟ ತಪ್ಪಿಸಬೇಡಿ, ಮೊದಲು ಅದು. ಚಿಕ್ಕ ತಟ್ಟೆ ತಗೊಳ್ಳಿ. ಮೊಟ್ಟೆನೋ, ಬೇಳೆನೋ, ಮೊಸರೋ, ಮೀನೋ, ಅದನ್ನ ಮೊದಲು ತಿನ್ಲಿ. ಆಮೇಲೆ ತರಕಾರಿ. ಅನ್ನ ರೊಟ್ಟಿ ಜಾಗ ಉಳಿದ್ರೆ. ನಿಧಾನ ಅಗೀಬೇಕು. ಸಾಕು ಅನಿಸಿದ ಕೂಡ್ಲೆ ನಿಲ್ಲಿಸಬೇಕು.’

‘ತಟ್ಟೆಯಲ್ಲಿ ಬಿಟ್ರೆ ನನಗೆ ಮೈ ಉರಿಯುತ್ತೆ ಕಣಮ್ಮ.’

‘ಹಾಗಾದ್ರೆ ಕಮ್ಮಿ ಬಡಿಸಿ ಅಮ್ಮ! ಊಟದ ಜೊತೆ ನೀರು ಬೇಡ, ಅರ್ಧ ಗಂಟೆ ಬಿಟ್ಟು ಕುಡೀಲಿ. ಉಳಿದ ಹೊತ್ತೆಲ್ಲ ಗುಟುಕು ಗುಟುಕಾಗಿ ಕುಡೀತಾ ಇರ್ಲಿ. ಸಕ್ಕರೆ ಚಹಾ, ಶರಬತ್ತು, ಅದ್ದಿದ ಬಿಸ್ಕತ್ತು ಚಿಕ್ಕ ಹೊಟ್ಟೆಯಿಂದ ಸಲೀಸಾಗಿ ಜಾರಿಹೋಗುತ್ತೆ, ತೂಕ ಬರೋದು ಅಲ್ಲಿಂದ. ಸುಣ್ಣದಂಶದ ಮಾತ್ರೆ, ಕಬ್ಬಿಣದ ಮಾತ್ರೆ ಒಟ್ಟಿಗೆ ನುಂಗೋದು ಬೇಡ, ಎರಡು ಗಂಟೆ ಅಂತರ ಇರ್ಲಿ.’

‘ನಡೀಬೇಕಂತಲ್ಲ ಇವಳು?’ ಪರದೆಯಾಚೆಯಿಂದ ಮಾಸ್ಟರ್.

‘ನೀವೂ ಜೊತೆಗೆ ನಡೀರಿ. ನಿಮ್ಮ ಸೊಂಟ ಎಷ್ಟು ಮಾಸ್ಟ್ರೇ?’

ಪರದೆಯಾಚೆ ಕತ್ತರಿಯ ಸದ್ದು ಜೋರಾಯಿತು. ಮಿಶನಕ್ಕ ಎಷ್ಟೋ ತಿಂಗಳ ನಂತರ ನಕ್ಕಳು.

ಮೂರು ತಿಂಗಳಲ್ಲಿ ಪಾದಕ್ಕೆ ನೆಲ ತಿಳಿಯತೊಡಗಿತು. ಎಡಗಾಲಿನ ಕಿರುಬೆರಳಿಗೆ ಇನ್ನೂ ಏನೂ ತಿಳಿಯದು, ತಿಳಿಯುತ್ತದೆಂಬ ಭರವಸೆಯನ್ನೂ ಡಾಕ್ಟರು ಕೊಡಲಿಲ್ಲ. ತೂಕ ಎಪ್ಪತ್ತೇಳರಲ್ಲಿ ನಿಂತಿದೆ. ಒಂದು ತಿಂಗಳು ಅರ್ಧ ಕೆಜಿ ಹೆಚ್ಚು, ಇನ್ನೊಂದು ತಿಂಗಳು ಅರ್ಧ ಕಡಿಮೆ. ಎಪ್ಪತ್ತನಾಲ್ಕು ಮತ್ತೆ ಬರುವುದೋ ಇಲ್ಲವೋ. ನೂರಾ ಹದಿನೆಂಟಂತೂ ಬಂದಿಲ್ಲ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ, ಪಕ್ಕದ ಮನೆಯಲ್ಲಿ ಇಂಥ ಆಪರೇಶನ್ ಆದವರು ಇದ್ದರೆ ಅವರ ತಟ್ಟೆಗೆ ಕಾವಲು ಕೂರಬೇಡಿ, ಅವರ ಸೊಂಟದ ಸುದ್ದಿಯನ್ನು ಬೀದಿಗೆ ಹಂಚಬೇಡಿ. ನಾಚಿಕೆ ಯಾರ ಕೊಬ್ಬನ್ನೂ ಕರಗಿಸಿಲ್ಲ, ಎಷ್ಟೋ ಜನರನ್ನು ಆಸ್ಪತ್ರೆಯಿಂದ ದೂರ ಓಡಿಸಿದೆ. ಮಾತ್ರೆ ತಗೊಂಡೆಯಾ ಎಂದು ಕೇಳಿ. ವರ್ಷದ ರಕ್ತ ಪರೀಕ್ಷೆಗೆ ಜೊತೆಗೆ ಹೋಗಿ. ಆಪರೇಶನ್ ಆದವರು ನೀವೇ ಆದರೆ, ಕೈಕಾಲು ಜುಮ್ಮೆಂದರೆ, ಕೂದಲು ಉದುರಿದರೆ, ಮನಸ್ಸು ಕುಗ್ಗಿದರೆ, ತೂಕ ಏರತೊಡಗಿದರೆ, ಕಾಯಬೇಡಿ, ಆಪರೇಶನ್ ಮಾಡಿದ ಆಸ್ಪತ್ರೆಗೇ ಹೋಗಿ ಕೇಳಿ. ಕೇಳುವುದು ನಿಮ್ಮ ಹಕ್ಕು, ಉತ್ತರ ಕೊಡುವುದು ಅವರ ಕೆಲಸ. ‘ಇವತ್ತು ಬೇಡ, ಆಮೇಲೆ ನೋಡೋಣ’ ಎನ್ನುವವರು ಸಿಕ್ಕೇ ಸಿಗುತ್ತಾರೆ, ಕೇಳಬೇಡಿ.

ಮಿಶನಕ್ಕನಿಗೂ ಸಿಕ್ಕರು. ಕಳೆದ ವಾರ ಅವಳ ವರ್ಷದ ಪರೀಕ್ಷೆ ಇತ್ತು. ಅದೇ ಬೆಳಿಗ್ಗೆ ಶಾಲೆಯವರು ಹತ್ತು ಯೂನಿಫಾರಂ ಸಂಜೆಯೊಳಗೆ ಬೇಕೆಂದು ಬಂದು ಕೂತರು.

‘ಇದೊಂದು ಸಲ ಕಣೇ,’ ಎಂದ ಮಾಸ್ಟರ್. ಮೊದಲಿನ ಹಾಗೆ ಗದರಲಿಲ್ಲ, ಬೇಡಿಕೊಳ್ಳುವ ದನಿಯಲ್ಲೇ ಅಂದ. ‘ಈಗೆಲ್ಲ ಸರಿಯಾಗಿದೆಯಲ್ಲ. ಮುಂದಿನ ತಿಂಗಳು ಹೋದ್ರಾಯ್ತು. ಬಾ, ಕೂತ್ಕೋ.’

ಶಾಲೆಯ ಗುಮಾಸ್ತೆಯೂ ಸೇರಿಸಿದಳು, ‘ಮಕ್ಕಳ ಬಟ್ಟೆ ಅಲ್ವೇನ್ರೀ. ಒಂದು ತಿಂಗಳಿಗೆ ಏನಾಗುತ್ತೆ?’

ಮಿಶನಕ್ಕ ಹಳೆಯ ರಿಪೋರ್ಟುಗಳನ್ನು ಚೀಲಕ್ಕೆ ಹಾಕಿಕೊಂಡಳು.

‘ಕೂರಲ್ಲ,’ ಎಂದಳು.